ಹಿತ್ತಲ ಬಾಗಿಲಿನ ಕಂದು ಬೂಟು

ನಮ್ಮೂರಿಗೆ ಹೊಸದಾಗಿ ಬಾಡಿಗೆಗೆ ಬಂದವರೆಲ್ಲ ಮೊದಲ ವಾರ ಒಂದೇ ಪ್ರಶ್ನೆ ಕೇಳುತ್ತಾರೆ: "ನಿಮ್ಮನೇಲಿ ಇವತ್ತೇನು ವಿಶೇಷ?" ಬಾಗಿಲ ಮುಂದೆ ಅಷ್ಟೊಂದು ಚಪ್ಪಲಿ ಕಂಡರೆ ನಾಮಕರಣವೋ ತಿಥಿಯೋ ಇರಬೇಕು ಎಂದುಕೊಳ್ಳುವುದು ಸಹಜ. ಒಳಗೆ ಇಣುಕಿದರೆ ನಾನೊಬ್ಬಳು ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿರುತ್ತೇನೆ. "ವಿಶೇಷ ಏನೂ ಇಲ್ಲ, ಫೋನಿನೋರು," ಅನ್ನುತ್ತೇನೆ. ಅವರಿಗೆ ಅರ್ಥವಾಗುವುದಿಲ್ಲ. ತಿಂಗಳೊಪ್ಪತ್ತಿನಲ್ಲಿ ಅವರ ಮನೆ ಮುಂದೆಯೂ ಚಪ್ಪಲಿ ಸೇರಿಕೊಳ್ಳುತ್ತವೆ, ಆಮೇಲೆ ಕೇಳುವುದನ್ನು ಬಿಡುತ್ತಾರೆ.

ಫೋನಿನಲ್ಲಿ ನೀವು ಯಾರನ್ನು ಸ್ನೇಹಿತರೆಂದು ಒಪ್ಪಿಕೊಂಡಿರೋ ಅವರ ಕಾಲಿನದು ನಿಮ್ಮ ಮನೆಗೆ ಬಂದು ನಿಲ್ಲುತ್ತದೆ. ಆ ಮನುಷ್ಯ ಯಾವ ಸೀಮೆಯಲ್ಲಿ ಕೂತಿದ್ದರೂ ಸರಿ. ನೀವು ಎಲ್ಲರಿಗೂ ತೋರಿಸುವುದನ್ನು ನೋಡಿಕೊಂಡು ಹೋಗುವವರದು ಮುಂಬಾಗಿಲಿನಲ್ಲಿ. ನಿಮ್ಮ ಜೊತೆ ಒಬ್ಬೊಬ್ಬರೇ ಗುಟ್ಟಾಗಿ ಮಾತಾಡುವವರದು ಹಿತ್ತಲ ಬಾಗಿಲಿನಲ್ಲಿ. ಬ್ಲಾಕ್ ಮಾಡಿದರೆ ಚಪ್ಪಲಿಯೂ ಹೋಯಿತು. ಮನೆಯ ಒಬ್ಬೊಬ್ಬರಿಗೂ ಒಂದೊಂದು ಜಾಗ. ನಮ್ಮಲ್ಲಿ ಯಜಮಾನರದು ಕಿಟಕಿಯ ಕೆಳಗೆ, ಮಗಳದು ದಾಸವಾಳದ ಕುಂಡದ ಪಕ್ಕ, ನನ್ನದು ಮೆಟ್ಟಿಲ ಮೇಲೆ ಎಂದು ಕೇಳಿದ್ದೇನೆ. ಕೇಳಿದ್ದೇನೆ ಅನ್ನುವುದೇಕೆಂದರೆ ನನ್ನದು ನನಗೆ ಕಾಣುವುದಿಲ್ಲ. ಯಾರು ಸ್ನೇಹಿತರೆಂದು ಒಪ್ಪಿಕೊಂಡರೋ ಅವರೊಬ್ಬರಿಗೆ ಬಿಟ್ಟು ಉಳಿದ ಲೋಕಕ್ಕೆಲ್ಲ ಆ ಚಪ್ಪಲಿ ಕಾಣುತ್ತದೆ. ತನ್ನ ಬೆನ್ನು ತನಗೆ ಕಾಣದು ಎನ್ನುವುದು ಬೇರೆ ಊರುಗಳಲ್ಲಿ ಗಾದೆ, ನಮ್ಮಲ್ಲಿ ದಿನಬೆಳಗಿನ ಸಂಗತಿ.

ಕೈಗೆ ಅವು ಸಿಗುವುದಿಲ್ಲ. ಪೊರಕೆ ಆಡಿಸಿದರೆ ಪೊರಕೆ ಅವುಗಳ ಮೂಲಕ ಹಾದು ಹೋಗುತ್ತದೆ. ಆದರೂ ಹಾಲಿನವನಿಂದ ಹಿಡಿದು ಮೀಟರ್ ಓದುವವನವರೆಗೆ ಎಲ್ಲರೂ ಅವನ್ನು ತುಳಿಯದೆ ಬಳಸಿಕೊಂಡೇ ನಡೆಯುತ್ತಾರೆ. ಬಂದವರ ಚಪ್ಪಲಿ ತುಳಿಯಬಾರದು, ಅಷ್ಟೆ. ಹೆಣ್ಣು ನೋಡಲು ಬಂದವರು ಮೊದಲು ಅಂಗಳದಲ್ಲಿ ನಿಂತು ಚೆನ್ನಾಗಿ ನೋಡಿಕೊಂಡು, ಆಮೇಲೆ ಒಳಗೆ ಬಂದು ಹೆಣ್ಣನ್ನು ನೋಡುತ್ತಾರೆ. ಕೆಲವು ಸಂಬಂಧಗಳು ಅಂಗಳದಲ್ಲೇ ಮುರಿದಿವೆ. ಉಪ್ಪಿಟ್ಟಿನ ಖರ್ಚು ಉಳಿಯಿತು ಎಂದು ಹೆಣ್ಣಿನವರು ಸಮಾಧಾನ ಮಾಡಿಕೊಳ್ಳುತ್ತಾರೆ.

ಇದಕ್ಕೆಲ್ಲ ಒಂದು ಮರ್ಯಾದೆ ಉಂಟು. ನಿನ್ನ ಬಾಗಿಲಲ್ಲಿ ಇಂಥದ್ದು ನಿಂತಿದೆ ಎಂದು ಯಾರ ಮುಖಕ್ಕೂ ಹೇಳಬಾರದು. ಹಿಂದಿನಿಂದ ಹೇಳಬಹುದು, ಹೇಳುತ್ತೇವೆ, ಮಧ್ಯಾಹ್ನ ಕಳೆಯುವುದೇ ಅದರಿಂದ. ಮುಖಕ್ಕೆ ಮಾತ್ರ ಇಲ್ಲ. ಅದರಲ್ಲೂ ಚಿಕ್ಕವರು ದೊಡ್ಡವರಿಗೆ ಹೇಳುವುದು ತೀರ ಕೆಟ್ಟದ್ದು. ನನ್ನ ಅತ್ತೆ ಮೊಮ್ಮಗಳಿಗೆ ಕಲಿಸಿದ ಮೊದಲ ಪಾಠ ಕೈ ಮುಗಿಯುವುದು, ಎರಡನೆಯದು ಇದು. ದೊಡ್ಡವರು ಮಕ್ಕಳಿಗೆ ಹೇಳಬಹುದು, ಅದೊಂದು ವಿನಾಯಿತಿ. ಆ ವಿನಾಯಿತಿಯನ್ನು ನಾವು ಹೇಗೆ ಬಳಸಿದೆವು ಎನ್ನುವುದೇ ಈ ಕಥೆ.

ನಮ್ಮ ಮಗಳು ಇಂಪನ. ಹತ್ತನೇ ಕ್ಲಾಸು, ಭರತನಾಟ್ಯ ಕಲಿಯುತ್ತಾಳೆ, ಗುಡುಗೆಂದರೆ ಈಗಲೂ ನನ್ನ ಕೋಣೆಗೆ ಬಂದು ಮಲಗುತ್ತಾಳೆ. ಒಂಬತ್ತನೆಯಲ್ಲಿದ್ದಾಗ ಅಪ್ಪನನ್ನು ಕಾಡಿ ಫೋನು ಕೊಡಿಸಿಕೊಂಡಳು. ವಾರದೊಳಗೆ ದಾಸವಾಳದ ಕುಂಡ ಕಾಣದಷ್ಟು ಚಪ್ಪಲಿ. ಹೆಚ್ಚಿನವು ಸ್ಕೂಲ್ ಶೂಗಳು, ಹುಡುಗಿಯರ ಸ್ಯಾಂಡಲ್‌ಗಳು. ನಡುನಡುವೆ ಯಾರದೆಂದು ಗೊತ್ತಾಗದ ದೊಡ್ಡ ದೊಡ್ಡವೂ ಇದ್ದವು. ನಾನು ಪೊರಕೆ ಹಿಡಿದು ಅಲ್ಲೇ ನಿಂತು ಯೋಚಿಸುತ್ತಿದ್ದೆ.

ಊರಿನ ಎಲ್ಲ ತಾಯಂದಿರೂ ಅವರವರ ಅಂಗಳದಲ್ಲಿ ಹಾಗೇ ನಿಂತಿದ್ದರು ಎಂದು ಗೊತ್ತಾದದ್ದು ಹೈಸ್ಕೂಲಿನ ಹೆಡ್ ಮೇಡಂ ಸಭೆ ಕರೆದಾಗ. "ಮಕ್ಕಳಿಗೆ ಅವರದು ಕಾಣಲ್ಲ. ನಿಮಗೆ ಕಾಣುತ್ತೆ. ದಿನಾ ನೋಡಿ, ಕಂಡಿದ್ದು ಕಂಡಹಾಗೆ ಹೇಳಿ," ಎಂದರು ಮೇಡಂ. ಒಳ್ಳೆಯ ಮಾತು. ನಾವೆಲ್ಲ ತಲೆಯಾಡಿಸಿ, ಬಿಸ್ಕತ್ತು ತಿಂದು ಮನೆಗೆ ಬಂದು, ಕಾಣದ್ದನ್ನು ಹೇಳಲು ಶುರು ಮಾಡಿದೆವು.

ಯಾಕೆಂದರೆ ಕಂಡದ್ದನ್ನು ಹೇಳಿದರೆ ಮಕ್ಕಳು ಹೆದರುವುದಿಲ್ಲ. "ಒಂದು ಜೊತೆ ಕರೀ ಶೂ ಇದೆ" ಎಂದರೆ "ಇರ್ಲಿ ಬಿಡಮ್ಮ" ಅನ್ನುತ್ತಾರೆ. ಅದಕ್ಕೆ ನಮ್ಮ ಯಜಮಾನರು ಕುದುರೆ ಲಾಳ ಹೊಡೆದ ಬೂಟನ್ನು ಮಾತಿನಲ್ಲೇ ತಂದು ನಿಲ್ಲಿಸಿದರು. ಇಂಪನ ಹತ್ತು ನಿಮಿಷ ಹೆಚ್ಚು ಫೋನು ಹಿಡಿದರೆ ಸಾಕು, "ಲಾಳದ ಬೂಟು ಬಂದು ನಿಂತಿದೆ, ಇಡೇ ಕೆಳಗೆ," ಎನ್ನುವರು. ನಾನು ಅಷ್ಟಕ್ಕೆ ಹೋಗಲಿಲ್ಲ. ಒಂಟಿ ಚಪ್ಪಲಿಯೊಂದು ಬಂದಿದೆ, ಇನ್ನೊಂದು ಕಾಲು ಎಲ್ಲಿದೆಯೋ ಎಂದೆ. ಎದುರುಮನೆಯ ಜಯಶೀಲ ಮಗನಿಗೆ ಚಪ್ಪಲಿ ಮೇಲೆ ರಕ್ತದ ಕಲೆ ಇದೆ ಎಂದಳಂತೆ. ಹಿಂದಿನ ಕಾಲದ ಗುಮ್ಮ ಈಗ ಬೂಟು ಹಾಕಿಕೊಂಡು ಬಂದಿತ್ತು, ಅಷ್ಟೇ ವ್ಯತ್ಯಾಸ.

ಆರು ತಿಂಗಳು ನಡೆಯಿತು. ಆಮೇಲೆ ಮಕ್ಕಳು ಶಾಲೆಯಲ್ಲಿ ಬುತ್ತಿ ಬಿಚ್ಚಿಕೊಂಡು ಕೂತಾಗ ಲಾಳದ ಬೂಟಿನ ಮಾತು ಬಂತು. ಅವರಲ್ಲಿ ಅರ್ಧ ಜನರ ಮನೆಯಲ್ಲಿ ಲಾಳದ ಬೂಟು, ಇನ್ನರ್ಧ ಜನರ ಮನೆಯಲ್ಲಿ ಒಂಟಿ ಚಪ್ಪಲಿ. ಅಪ್ಪಂದಿರು ಬಣ್ಣದಂಗಡಿಯಲ್ಲಿ ಕೂತು ಮಾತಾಡಿಕೊಂಡದ್ದು ಅವರಿಗೆ ತಿಳಿದುಹೋಯಿತು. ನಮ್ಮ ಯಜಮಾನರದೇ ಬಣ್ಣದಂಗಡಿ. ಅಂದಿನಿಂದ ಊರಿನ ಯಾವ ಮಗುವೂ ಯಾವ ತಾಯಿಯ ಚಪ್ಪಲಿ ಮಾತನ್ನೂ ನಂಬಲಿಲ್ಲ.

ಯಜಮಾನರು ಎರಡನೆಯ ಉಪಾಯ ಹೂಡಿದರು. ಇಂಪನಳ ಫೋನು ಕಸಿದು, ಅಕೌಂಟ್ ಅಳಿಸಿ, ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಒಂದೇ ಸಂಜೆಗೆ ದಾಸವಾಳದ ಕುಂಡ ಬುಡದವರೆಗೂ ಕಂಡಿತು. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. "ಮಲ್ಲಿನಾಥಪ್ಪನೋರು ಮಗಳನ್ನ ಹೆಂಗೆ ಬೆಳೆಸಿದಾರೆ ನೋಡಿ," ಎಂದರು. ಮುಂದಿನ ಸಭೆಯಲ್ಲಿ ಹೆಡ್ ಮೇಡಂ ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ ನಾಲ್ಕು ಮಾತಾಡಿ ಎಂದರು. ಅವರು ನಲವತ್ತು ಮಾತಾಡಿದರು. ಇಂಪನ ಅಳಲಿಲ್ಲ, ಊಟ ಬಿಡಲಿಲ್ಲ. ನನಗೆ ಅದೇ ಸ್ವಲ್ಪ ವಿಚಿತ್ರ ಎನ್ನಿಸಿತು, ಆದರೆ ಊಟ ಮಾಡುವ ಮಗುವನ್ನು ಯಾಕೆ ಊಟ ಮಾಡುತ್ತೀಯ ಎಂದು ಕೇಳಲಾಗುತ್ತದೆಯೇ.

ನನ್ನ ಫೋನಿನ ಮಾತು ಬೇರೆ. ನಾನು ಸಂಸಾರಸ್ಥೆ, ಪ್ರಾಯದವಳಲ್ಲ, ನನ್ನನ್ನು ಯಾರು ನೋಡುತ್ತಾರೆ. ಇಂಪನಳ ಒಂದೆರಡು ಫೋಟೋ ಹಾಕುತ್ತಿದ್ದೆ, ಅಷ್ಟೆ. ಶಾಲೆಯಲ್ಲಿ ಬಹುಮಾನ ಬಂದಾಗ ಸಮವಸ್ತ್ರದಲ್ಲಿ ನಿಂತದ್ದು, ಹುಟ್ಟುಹಬ್ಬಕ್ಕೆ ಕೇಕ್ ಕತ್ತರಿಸಿದ್ದು, ಮೊದಲ ವೇದಿಕೆಯಲ್ಲಿ ಕುಣಿಯುವಾಗ ಎಡಗಾಲಿನ ಗೆಜ್ಜೆ ಕಿತ್ತು ಚೆಲ್ಲಿದರೂ ಬಿಡದೆ ಕುಣಿದದ್ದು. ಗುಡುಗಿಗೆ ಹೆದರಿ ಕಂಬಳಿಯೊಳಗೆ ಸೇರಿಕೊಂಡದ್ದನ್ನೂ ಒಂದು ಸಲ ಹಾಕಿದ್ದೆ, ಅದಕ್ಕೆ ಎಲ್ಲಕ್ಕಿಂತ ಹೆಚ್ಚು ಲೈಕ್ ಬಂದವು. ದೂರದಲ್ಲಿರುವ ನನ್ನ ತಂಗಿ ನೋಡಲಿ ಎಂದು ಹಾಕುತ್ತಿದ್ದದ್ದು. ತಂಗಿಯ ಜೊತೆ ಇನ್ನೂ ನಾಲ್ಕು ಜನ ನೋಡಿ ಮಗು ಮುದ್ದಾಗಿದೆ ಎಂದರೆ ಯಾವ ತಾಯಿಗೆ ಬೇಸರ.

ಫೋನು ಕಸಿದು ಎರಡು ತಿಂಗಳಾಗಿರಬಹುದು. ಕುಂಡ ಖಾಲಿಯಾದ ಮೇಲೆ ಹಿತ್ತಲ ಕಡೆ ಕಣ್ಣಿಟ್ಟು ನೋಡುವುದನ್ನೇ ಬಿಟ್ಟಿದ್ದೆ. ಒಂದು ಬೆಳಿಗ್ಗೆ ಕರಿಬೇವು ಕೀಳಲು ಹೋದವಳು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತುಬಿಟ್ಟೆ. ಒಂದು ಜೊತೆ ಕಂದು ಬೂಟು. ಗಂಡಸಿನದು, ದೊಡ್ಡದು, ಹಿಮ್ಮಡಿ ಹೊರಬದಿಗೆ ಸವೆದದ್ದು. ಬಲಗಾಲಿನದಕ್ಕೆ ಲೇಸು ಇತ್ತು. ಎಡಗಾಲಿನದಕ್ಕೆ ಲೇಸಿನ ಬದಲು ಮೂಟೆ ಕಟ್ಟುವ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಹಗ್ಗ ಪೋಣಿಸಿತ್ತು. ಎರಡರ ಮೂತಿಯೂ ಹೊಸ್ತಿಲಿಗೆ ತಾಗಿತ್ತು. ಬಂದು ನಿಂತವನು ಇನ್ನೊಂದು ಹೆಜ್ಜೆ ಇಟ್ಟರೆ ಅಡುಗೆಮನೆ.

ನನಗೆ ಕಂಡಿತೆಂದ ಮೇಲೆ ನನ್ನದಲ್ಲ. ಯಜಮಾನರ ಮೇಲೆ ಅನುಮಾನ ಪಟ್ಟೆ. ಹಿತ್ತಲಲ್ಲಿ ಅವರದು ನಲ್ಲಿಯ ಬಳಿ, ಅಲ್ಲಿ ಅವರ ತಮ್ಮನ ಚಪ್ಪಲಿ, ಬಣ್ಣದ ಕಂಪನಿಯ ಏಜೆಂಟನ ಶೂ ಎಂದಿನಂತೆ ಇದ್ದವು. ಒಗೆಯುವ ಕಲ್ಲಿನ ಬಳಿ ಮೊದಲು ಇರುತ್ತಿದ್ದದ್ದು ಇಂಪನಳ ಗೆಳತಿಯರವು.

ಅತ್ತೆ ಬಚ್ಚಲಿನಿಂದ ಬಂದರು. ಬೂಟನ್ನು ಬಳಸಿಕೊಂಡು, ಸೀರೆ ತಾಗದಂತೆ ಎತ್ತಿ ಹಿಡಿದು ನಡೆದರು. ಹಾಗಾದರೆ ಅವರಿಗೆ ಹೊಸದಲ್ಲ.

"ಇದು ಯಾವಾಗಿಂದ ಇದೆ ಅತ್ತೆ?" ಎಂದು ಕೇಳಿದೆ.

"ಆಯ್ತು, ಹದಿನೈದು ದಿನದ ಮೇಲಾಯ್ತು."

"ಒಂದು ಮಾತು ಹೇಳಬಾರದಿತ್ತಾ?"

"ಬಂದೋರ ಚಪ್ಪಲಿ ಮಾತು ಆಡಬಾರದು ಕಣಮ್ಮ," ಎಂದರು ಅತ್ತೆ. "ನನ್ನ ಫೋನಲ್ಲಿ ಹರಿಕತೆ ಹಾಕ್ಕೊಡುತ್ತೆ ಮಗು. ಹರಿಕತೆ ಮುಗಿದ್ಮೇಲೆ ಸ್ವಲ್ಪ ಹೊತ್ತು ಅದೇ ಇಟ್ಕೊಳುತ್ತೆ. ಇಟ್ಕೊಳ್ಳಲಿ ಬಿಡು, ನಂಗೇನು ಬೇಕು ಅದು."

ಯಜಮಾನರಿಗೆ ಹೇಳಿದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಗಲ್ಲಾಪೆಟ್ಟಿಗೆಯಲ್ಲಿ ಎರಡನೆಯ ಫೋನು. ಮೊದಲನೆಯದನ್ನು ಇಟ್ಟಾಗ ಚಪ್ಪಲಿಗಳು ಮುಂಬಾಗಿಲು ಬಿಟ್ಟು ಹಿತ್ತಲಿಗೆ ಬಂದವು. ಎರಡನೆಯದನ್ನೂ ಇಟ್ಟರೆ ಈ ಬೂಟು ಯಾರ ಫೋನಿಗೆ, ಯಾರ ಮನೆಗೆ ಹೋಗಿ ನಿಲ್ಲುತ್ತದೋ ನನಗೆ ಕಾಣುವುದೂ ಇಲ್ಲ. ಕಾಣುವ ಕಡೆ ಇರುವುದೇ ವಾಸಿ ಎನ್ನಿಸಿತು. ಹೆದರಿಕೆಯಲ್ಲೂ ಯೋಚನೆ ಅಷ್ಟು ದೂರ ಹೋಯಿತು.

ಅವತ್ತು ಯಾವುದೋ ಜಯಂತಿಯ ರಜೆ. ಮಧ್ಯಾಹ್ನ ಇಂಪನಳನ್ನು ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚಿದೆ. ಎಣ್ಣೆ ಹಚ್ಚುವಾಗ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ, ಮಾತಿಗೆ ಅದು ಒಳ್ಳೆಯದು.

"ಹಿತ್ತಲ ಬಾಗಿಲಲ್ಲಿ ನಿನ್ನ ಜಾಗದಲ್ಲಿ ಒಂದು ಜೊತೆ ಬೂಟಿದೆ ಕಣೆ," ಎಂದೆ.

"ಲಾಳದ್ದಾ, ಒಂಟಿದಾ?"

"ಎರಡೂ ಅಲ್ಲ. ಮಾಮೂಲಿ ಬೂಟು. ಗಂಡಸರದು."

ಅವಳು ನಕ್ಕಳು. ಅಜ್ಜಿಯ ಫೋನಿನ ವಿಷಯ ನನಗೆ ತಿಳಿಯಿತೆಂದು ಅವಳಿಗೆ ತಕ್ಷಣ ಗೊತ್ತಾಯಿತು, ಆದರೆ ಹೆದರಲಿಲ್ಲ. "ಅಮ್ಮ, ಅಲ್ಲಿ ಇರೋದು ಒಬ್ಳೇ. ಅನ್ವಿತಾ ಅಂತ. ಅವಳೂ ಹತ್ತನೇ ಕ್ಲಾಸು. ನನ್ನ ಥರಾನೇ ಡ್ಯಾನ್ಸ್ ಮಾಡ್ತಾಳೆ. ಬೇಕಾದ್ರೆ ಅಪ್ಪಂಗೆ ಹೇಳು, ಇದನ್ನೂ ಕಿತ್ಕೊಳ್ಳಲಿ."

"ಅಪ್ಪಂಗೆ ಹೇಳಿಲ್ಲ."

ಅವಳ ಭುಜ ಸ್ವಲ್ಪ ಸಡಿಲವಾಯಿತು. ನಾನು ಎಣ್ಣೆ ಹಚ್ಚುವುದನ್ನು ನಿಲ್ಲಿಸಲಿಲ್ಲ. ತಾಯಿ ಮಗಳ ಮುಂದೆ ಒಪ್ಪಿಕೊಳ್ಳುವುದು ನಮ್ಮ ಮನೆಯಲ್ಲಿ ಅಭ್ಯಾಸವಿಲ್ಲದ ಕೆಲಸ, ಆದರೂ ಹೇಳಿದೆ. "ಲಾಳದ ಬೂಟು ಸುಳ್ಳು. ನಾನು ಹೇಳಿದ ಒಂಟಿ ಚಪ್ಪಲಿನೂ ಸುಳ್ಳು. ನೀನು ಫೋನು ಇಡಲಿ ಅಂತ ಹೇಳಿದ್ವಿ. ನಾವು ಹಂಗೆ ಮಾಡಬಾರದಿತ್ತು."

"ಗೊತ್ತು," ಎಂದಳು. ಆಮೇಲೆ, "ಇದು ನಿಜ ಅಂತ ಹೆಂಗೆ ಗೊತ್ತಾಗಬೇಕು ನಂಗೆ?" ಎಂದಳು.

ನ್ಯಾಯವಾದ ಪ್ರಶ್ನೆ. "ನೀನೇ ಪರೀಕ್ಷೆ ಮಾಡು. ನಿಂಗೆ ಗೊತ್ತಿರೋರು ಯಾರನ್ನಾದ್ರೂ ಈಗ ಸೇರಿಸ್ಕೊಂಡು ಗುಟ್ಟಾಗಿ ಒಂದು ಮಾತಾಡು. ಯಾರು ಅಂತ ನಂಗೆ ಹೇಳಬೇಡ."

ಅವಳು ಅಜ್ಜಿಯ ಫೋನು ತಂದು ಏನೋ ಒತ್ತಿದಳು. ಕಾದಳು. ಆಮೇಲೆ ತಲೆಯಾಡಿಸಿದಳು. ನಾನು ಹಿತ್ತಲಿಗೆ ಹೋಗಿ ನೋಡಿ ಬಂದೆ. "ನೀಲಿ ಹವಾಯಿ ಚಪ್ಪಲಿ ಬಂತು. ಬಲಗಾಲಿಂದು ಉಂಗುಷ್ಠ ಕಿತ್ತೋಗಿದೆ, ಕಪ್ಪು ದಾರ ಹಾಕಿ ಕಟ್ಟಿದಾರೆ."

ಇಂಪನ ನನ್ನ ಮುಖವನ್ನೇ ನೋಡಿದಳು. "ಫೌಜಿಯಾದು," ಎಂದಳು. "ನೆನ್ನೆ ಟ್ಯೂಷನ್‌ನಲ್ಲಿ ನಾನೇ ಕಟ್ಟಿಕೊಟ್ಟಿದ್ದು." ಮತ್ತೆ ಬಂದು ನನ್ನ ಮುಂದೆ ಕೂತಳು. ಈಗ ಮಾತು ತಾನಾಗಿ ಬಂತು. ಅನ್ವಿತಾ ಎಷ್ಟು ಒಳ್ಳೆಯವಳೆಂದರೆ ಇವಳು ಹೇಳುವ ಮೊದಲೇ ತನಗೆ ಗುಡುಗೆಂದರೆ ಭಯ ಎಂದಳಂತೆ. ಅವಳಿಗೂ ಮೊದಲ ವೇದಿಕೆಯಲ್ಲೇ ಗೆಜ್ಜೆ ಕಿತ್ತುಹೋಗಿತ್ತಂತೆ, ಅದೂ ಎಡಗಾಲಿನದು. ಅವಳ ಅಪ್ಪನೂ ಫೋನು ಕಸಿದಿದ್ದಾನಂತೆ. ಕ್ಯಾಮೆರಾ ಕೆಟ್ಟಿದೆ, ಅದಕ್ಕೆ ಮುಖ ತೋರಿಸಲು ಆಗಿಲ್ಲವಂತೆ. ನಾಳೆ ಟ್ಯೂಷನ್ ಬಿಟ್ಟ ಮೇಲೆ ಮುಚ್ಚಿಹೋದ ಐಸ್ ಫ್ಯಾಕ್ಟರಿಯ ಹಿಂದೆ ಬಾ, ಮನೆಯವರಿಗೆ ಹೇಳಬೇಡ, ಅವರಿಗೆ ನಮ್ಮಂಥವರ ಸ್ನೇಹ ಅರ್ಥವಾಗುವುದಿಲ್ಲ ಎಂದಿದ್ದಾಳಂತೆ.

ನಾಳೆ ಎನ್ನುವ ಮಾತು ಕೇಳಿ ಬೈಯಬೇಕೆನಿಸಿತು, ಬೈಯಲಿಲ್ಲ. ಅವಳೇ ಕೇಳಲಿ ಎಂದು ಎಣ್ಣೆ ತಿಕ್ಕುತ್ತಾ ಹೋದೆ.

"ಅವಳದು ಹೆಂಗಿದೆ, ಸರಿಯಾಗಿ ಹೇಳು," ಎಂದಳು ಕೊನೆಗೆ.

"ಕಂದು ಬೂಟು. ಹಿಮ್ಮಡಿ ಹೊರಗಡೆಗೆ ಸವೆದಿದೆ. ಎಡಗಾಲಿಂದಕ್ಕೆ ಲೇಸಿಲ್ಲ, ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಹಗ್ಗ ಹಾಕ್ಕೊಂಡಿದಾನೆ."

ಅವಳು ಅತ್ತುಬಿಡುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ನನ್ನ ಕಡೆ ತಿರುಗಿದಳು, ಮುಖದಲ್ಲಿ ಏನೋ ಲೆಕ್ಕ ತಪ್ಪಿದವರ ಗೊಂದಲ ಕಂಡಿತು. "ಅಮ್ಮ," ಎಂದಳು, "ಅದು ನಿನ್ನದಲ್ವಾ?"

"ನನ್ನದು ಅಂದ್ರೆ?"

"ಮುಂದೆ ಮೆಟ್ಟಿಲ ಮೇಲೆ ನಿನ್ನ ಜಾಗದಲ್ಲಿ ಇದೆಯಲ್ಲ. ಕಿತ್ತಳೆ ಹಗ್ಗದ್ದು. ನನ್ನ ಗೆಜ್ಜೆ ಕಿತ್ತೋದ ಫೋಟೋ ಹಾಕಿದ್ಯಲ್ಲ, ಅವತ್ತಿಂದ ಇದೆ. ಯಾರೋ ನಿನ್ನ ಕಡೆ ಮಾಮ ಅನ್ಕೊಂಡಿದ್ದೆ."

"ಒಂದು ಸಲನೂ ಹೇಳಲಿಲ್ವಲ್ಲೇ."

"ದೊಡ್ಡೋರ ಚಪ್ಪಲಿ ಮಾತು ಆಡಬಾರದು ಅಂತ ಅಜ್ಜಿ ಹೇಳಿದಾರಲ್ಲ."

ಎಣ್ಣೆಯ ಬಟ್ಟಲು ನನ್ನ ತೊಡೆಯ ಮೇಲೆ ವಾಲಿ ಸೀರೆಗೆಲ್ಲ ಚೆಲ್ಲಿತು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದೆಲೆಯ ನೊಣ ಓಡಿಸುವುದು ಎಂದು ನಾನು ಎಷ್ಟೋ ಜನರಿಗೆ ಅಂದಿದ್ದೇನೆ, ಜಯಶೀಲಳಿಗಂತೂ ವಾರಕ್ಕೊಮ್ಮೆ. ನನಗೆ ಅನ್ನುವವರು ಈವರೆಗೆ ಇರಲಿಲ್ಲ.

ಅಂಗಡಿಗೆ ಫೋನು ಮಾಡಿ ಯಜಮಾನರನ್ನು ಕರೆಸಿದೆವು. ಬಂದವರೇ ಕೂಗಲು ಬಾಯಿ ತೆರೆದರು. "ಅವಳು ತಾನಾಗೇ ಹೇಳಿದಾಳೆ, ಕೂಗಿದ್ರೆ ಇನ್ನೊಂದ್ಸಲ ಹೇಳಲ್ಲ," ಎಂದೆ. ಅವರು ಬಾಯಿ ಮುಚ್ಚಿ ಹಿತ್ತಲಿಗೆ ಹೋಗಿ ನೋಡಿ ಬಂದರು. ಮುಂದೆ ಮೆಟ್ಟಿಲಿಗೂ ಹೋಗಿ ನೋಡಿದರು. ಅವರಿಗೆ ಎರಡು ಕಡೆಯದೂ ಕಾಣುತ್ತದೆ. ಎರಡು ತಿಂಗಳಿನಿಂದ ದಾಸವಾಳದ ಕುಂಡವನ್ನೇ ನೋಡಿಕೊಂಡು ಹೆಮ್ಮೆಯಿಂದ ಮೆಟ್ಟಿಲು ಹತ್ತಿ ಇಳಿದಿದ್ದರು, ಅಷ್ಟೆ. ಅನ್ವಿತಾ ಬರೆದದ್ದನ್ನೆಲ್ಲ ಅಳಿಸದೆ, ಅತ್ತೆಯ ಫೋನನ್ನು ಹಾಗೇ ಜೇಬಿನಲ್ಲಿಟ್ಟುಕೊಂಡು ಪೊಲೀಸ್ ಠಾಣೆಗೆ ಹೊರಟರು. ಹೊರಡುವಾಗ ಇಂಪನಳ ಎಣ್ಣೆತಲೆಯ ಮೇಲೆ ಕೈಯಿಟ್ಟು, "ನೀನೇನೂ ತಪ್ಪು ಮಾಡಿಲ್ಲಮ್ಮ," ಎಂದರು. ಅವರ ಬಾಯಿಂದ ಆ ಮಾತು ಕೇಳಿ ನನಗೆ ಅಳು ಬಂತು. ಬೂಟಿನ ಮನುಷ್ಯ ಯಾರು, ಮಾರನೆಯ ದಿನ ಐಸ್ ಫ್ಯಾಕ್ಟರಿಯ ಹಿಂದೆ ಹೇಗೆ ಸಿಕ್ಕ ಎನ್ನುವುದು ಪೊಲೀಸರು ಹೇಳಬೇಕಾದ ಕಥೆ, ಅವರು ಅದನ್ನು ಚೆನ್ನಾಗಿಯೇ ಹೇಳುತ್ತಾರೆ.

ಅವನು ಸಿಕ್ಕ ಸಂಜೆ ಠಾಣೆಯವರು ಅತ್ತೆಯ ಫೋನು ವಾಪಸ್ಸು ಕೊಟ್ಟು, ಇನ್ನು ಬ್ಲಾಕ್ ಮಾಡಬಹುದು ಎಂದು ತಿಳಿಸಿದರು. ಹಿತ್ತಲ ಬಾಗಿಲಿನದನ್ನು ಇಂಪನ ಒಂದೇ ಸಲಕ್ಕೆ ಕಳಿಸಿದಳು. ನಾನು ಒಗೆಯುವ ಕಲ್ಲಿನ ಬಳಿ ನಿಂತು ನೋಡಿ, "ಹೋಯ್ತು," ಎಂದೆ. ಅವಳಿಗೆ ಅಲ್ಲಿ ಮೊದಲೂ ಏನೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ನನ್ನ ಮಾತನ್ನು ನಂಬಿದಳು.

ನನ್ನದು ಅಷ್ಟು ಸುಲಭವಿರಲಿಲ್ಲ. ನನ್ನ ಪಟ್ಟಿಯಲ್ಲಿದ್ದವರ ಮುಖಗಳೆಲ್ಲ ಗುಲಾಬಿ ಹೂವು, ನಂದಾದೀಪ, ನವಿಲು. ಅದರಲ್ಲಿ ಕಿತ್ತಳೆ ಹಗ್ಗದವನು ಯಾರೆಂದು ಹೇಗೆ ಹುಡುಕುವುದು. ಒಬ್ಬೊಬ್ಬರನ್ನೇ ತೆಗೆಯುತ್ತಾ ಹೋದೆ, ಇಂಪನ ಮೆಟ್ಟಿಲ ಕೆಳಗೆ ನಿಂತು ನೋಡಿದಳು. "ಹೋಯ್ತಾ?" "ಇಲ್ಲ. ಯಾವುದೋ ಬಿಳಿ ಸ್ಯಾಂಡಲ್ ಹೋಯ್ತು." "ಈಗ?" "ಇಲ್ಲ." ನಂದಾದೀಪದ ಚಿತ್ರವಿದ್ದ ಒಬ್ಬರು ಇಂಪನಳ ಪ್ರತಿ ಫೋಟೋಗೂ ದೇವರು ಮಗುವನ್ನು ಚೆನ್ನಾಗಿಟ್ಟಿರಲಿ ಎಂದು ಬರೆಯುತ್ತಿದ್ದರು. ಪ್ರತಿ ಸಲವೂ ನಾನು ಕೈಮುಗಿದ ಗುರುತು ಹಾಕುತ್ತಿದ್ದೆ. ಅವರನ್ನು ತೆಗೆದೆ.

"ಹೋಯ್ತು," ಎಂದಳು ಇಂಪನ.

ಉಸಿರು ಬಿಟ್ಟು ಫೋನು ಕೆಳಗಿಟ್ಟೆ. ಅವಳು ಮಾತ್ರ ಅಲ್ಲಿಂದ ಕದಲಲಿಲ್ಲ. ಮೇಲಿನ ಮೆಟ್ಟಿಲಿನಿಂದ ಗೇಟಿನವರೆಗೆ ಕಣ್ಣಾಡಿಸುತ್ತಾ ನಿಂತೇ ಇದ್ದಳು.

"ಇನ್ನೂ ಇವೆಯೇನೇ?"

"ಗೇಟಿನವರೆಗೂ ಇವೆ ಅಮ್ಮ," ಎಂದಳು. ದೂರುವ ದನಿಯಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುವ ದನಿ. "ಜಾಗ ನಿಂದು ಅಷ್ಟೆ. ಇವೆಲ್ಲಾ ಬಂದಿರೋದು ನನ್ನ ನೋಡೋಕ್ಕೆ."

ನಾನು ಬಾಗಿಲಿಗೆ ಬಂದು ಅವಳು ನೋಡುತ್ತಿದ್ದ ಕಡೆ ನೋಡಿದೆ. ಬೆಳಿಗ್ಗೆ ನಾನೇ ತೊಳೆದು ರಂಗೋಲಿ ಹಾಕಿದ್ದ ಮೆಟ್ಟಿಲು ಖಾಲಿ ಇತ್ತು.